ಅಗಡಿ ಕೋಳಿಗಳ ತೊಗಲ ತತ್ತಿ

ಬಾಲ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮನೆತನದ ಹಿರಿಯರಿಂದ ಶುರು ಮಾಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ನಮ್ಮ ಹಿರಿಯರ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ, ಗೊತ್ತಿರುವುದರಲ್ಲಿ ಹೇಳಿಕೊಳ್ಳುವಂಥದ್ದು ಇನ್ನೂ ಕಡಿಮೆ. ಬ್ಯಾಡಗಿಯ ನಮ್ಮ ಮನೆಯ ಹಿತ್ತಲಲ್ಲಿದ್ದ ಕೋಳಿಗೂಡಿನಿಂದ ಶುರು ಮಾಡುತ್ತೇನೆ. ಐವತ್ತು ದಾಟಿದ ಮೇಲೂ ನನ್ನ ಬಾಯಿ ಜೋರು ಎಂದು ನೆಂಟರು ದೂರುವುದುಂಟು. ಆ ಬಾಯಿ ಎಲ್ಲಿಂದ ಬಂತು ಎಂಬುದು ಅವರಿಗೂ ತಿಳಿದಿರಲಿ.

ಪಡಸಾಲೆ, ನಡುಮನೆ, ಅಡಿಗೆಮನೆ, ಹಿತ್ತಲು ಎಲ್ಲ ಒಂದರ ಹಿಂದೊಂದು ಇದ್ದ ಉದ್ದನೆಯ ಮನೆ ನಮ್ಮದು. ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲಿನ ಬೆಳಕು ಕಾಣುತ್ತಿತ್ತು. ಅಪ್ಪ ಪೇಟೆಯ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ತೂಗುವ ಕೆಲಸಕ್ಕಿದ್ದ. ಅಲ್ಲಿಂದ ಬಂದ ಚೀಲಗಳನ್ನು ಬಿಚ್ಚಿ ಕಾಯಿಯ ತೊಟ್ಟು ಬಿಡಿಸುವ ಕೆಲಸ ಓಣಿಯ ಹೆಂಗಸರದು. ವರ್ಷದಲ್ಲಿ ಆರು ತಿಂಗಳು ನಮ್ಮ ಪಡಸಾಲೆ ಕೆಂಪಗೆ ಇರುತ್ತಿತ್ತು. ಹೊಸಬರು ಹೊಸ್ತಿಲು ದಾಟುವಷ್ಟರಲ್ಲಿ ಮೂರು ಸಲ ಸೀನುತ್ತಿದ್ದರು, ನಾವು ಸೀನುತ್ತಿರಲಿಲ್ಲ. ಬೀಗರು ಬಂದರೆ ಬೇರೆ ಊರಿನವರು ಮೊದಲು ನೀರು ಕೊಡುತ್ತಾರೆ, ನಾವು ಕಣ್ಣು ಮೂಗು ಒರೆಸಿಕೊಳ್ಳಲು ಟವೆಲ್ಲು ಕೊಡುತ್ತಿದ್ದೆವು. ಸಂಜೆ ಪಡಸಾಲೆ ಗುಡಿಸಿದಾಗ ಸಿಗುವ ಮೆಣಸಿನ ಬೀಜವನ್ನೆಲ್ಲ ಅವ್ವ ಮೊರದಲ್ಲಿ ತುಂಬಿಕೊಂಡು ಹೋಗಿ ಕೋಳಿಗಳಿಗೆ ಸುರಿಯುತ್ತಿದ್ದಳು. ಅವು ಅದನ್ನು ಅಕ್ಕಿ ನುಚ್ಚಿನಷ್ಟೇ ಸಲೀಸಾಗಿ ಮೇಯುತ್ತಿದ್ದವು. ಈ ಮಾತು ನೆನಪಿರಲಿ, ಮುಂದೆ ನಮ್ಮ ಓಣಿಗೆ ಓಣಿಯೇ ಇದನ್ನು ಮರೆತು ನಗೆಪಾಟಲಾಯಿತು.

ಕೋಳಿ ಅವ್ವನವು. ಹಾವೇರಿಯ ಹತ್ತಿರದ ಅಗಡಿ ಅವಳ ತವರು. ಒಂದು ಸಲ ಅಲ್ಲಿಂದ ಬರುವಾಗ ಬುಟ್ಟಿಯಲ್ಲಿ ಮೂರು ಹೇಂಟೆಗಳನ್ನು ತಂದಿದ್ದಳು. ಚುಕ್ಕಿ, ಕೆಂಪಿ, ಕರಿಕೋಳಿ ಎಂದು ನಾನು ಹೆಸರಿಟ್ಟಿದ್ದೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಯ ಬಾಯಲ್ಲಿ ಅವ್ವನಿಗೆ ಹೆಸರೇ ಇರಲಿಲ್ಲ, ಅವಳು ಬರೀ ‘ಅಗಡ್ಯಾಕಿ’. ಕೋಳಿಗಳೂ ‘ಅಗಡಿ ಕೋಳಿ’ ಆದವು. ಹಿತ್ತಲು ಹೊಲಸು ಮಾಡಿದರೆ ಅಗಡಿ ಕೋಳಿ, ಮಡಿ ಬಟ್ಟೆಯ ಮೇಲೆ ಹತ್ತಿದರೆ ಅಗಡಿ ಕೋಳಿ. ತತ್ತಿ ಇಟ್ಟಾಗ ಮಾತ್ರ ಅವು ನಮ್ಮ ಮನೆಯವಾಗುತ್ತಿದ್ದವು. ದಿನಕ್ಕೆ ಎರಡೋ ಮೂರೋ ತತ್ತಿ. ಒಂದು ಅಪ್ಪನಿಗೆ, ಒಂದು ಅಪ್ಪನ ತಮ್ಮ ಬೀರಪ್ಪ ಕಾಕಾನಿಗೆ. ಮೂರನೆಯದು ಇದ್ದರೆ ಅದರಲ್ಲಿ ಅರ್ಧ ನನಗೆ, ಇನ್ನರ್ಧ ಬಂದವರಿಗೆ, ಯಾರೂ ಬರದಿದ್ದರೆ ಮತ್ತೆ ಕಾಕಾನಿಗೆ. ಅವ್ವನಿಗೆ ತಿನ್ನಬೇಡ ಎಂದು ಯಾರೂ ಹೇಳಿರಲಿಲ್ಲ. ತಿನ್ನು ಎಂದೂ ಹೇಳಿರಲಿಲ್ಲ. ಅವಳು ಬಾಣಲೆಗೆ ಅಂಟಿದ್ದನ್ನು ರೊಟ್ಟಿಯ ತುಂಡಿನಿಂದ ಬಳಿದುಕೊಂಡು ತಿನ್ನುವುದನ್ನು ನೋಡಿದ್ದೆ. ಒಂಬತ್ತು ವರ್ಷದ ನನಗೆ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ. ಇವತ್ತು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ವರ್ಷ ಕಾಕಾನಿಗೆ ಕನ್ಯೆ ನೋಡುತ್ತಿದ್ದರು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದರೆ ಹಿತ್ತಲೂ ಥಳಥಳ ಇರಬೇಕೆಂದು ಆಯಿ ಹಳೆಯ ಸುಣ್ಣದ ಗೋಡೆಗೆ ಸಿಮೆಂಟು ಮಾಡಿಸಿ, ಅದರ ಮೇಲೆ ಹಸಿರು ಎಣ್ಣೆಬಣ್ಣ ಬಳಿಸಿದಳು. ಬಣ್ಣದ ಗೋಡೆಗೆ ಕೆಸರು ಸಿಡಿಯುತ್ತದೆ ಎಂದು ಕೋಳಿಗಳನ್ನು ಹಗಲೆಲ್ಲ ಗೂಡಿನಲ್ಲೇ ಹಾಕಿಡಲು ಹೇಳಿದಳು. ಅದಾಗಿ ತಿಂಗಳೆರಡು ಕಳೆದಿರಬೇಕು. ಒಂದು ಬೆಳಿಗ್ಗೆ ಗೂಡಿಗೆ ಕೈ ಹಾಕಿದ ಆಯಿ ಕೈಯನ್ನು ಹಾಗೇ ಹೊರಗೆ ತೆಗೆದು ನಿಂತುಬಿಟ್ಟಳು. ಅಂಗೈಯಲ್ಲಿ ಒಂದು ತತ್ತಿ ಇತ್ತು, ಅದಕ್ಕೆ ಚಿಪ್ಪಿರಲಿಲ್ಲ. ಬರೀ ಬಿಳಿ ತೊಗಲು. ಒಳಗಿನದೆಲ್ಲ ಅತ್ತಿತ್ತ ಓಲಾಡುತ್ತಿತ್ತು. ನಾನು ಬೆರಳಿನಿಂದ ಒತ್ತಿದೆ, ಗುಳಿ ಬಿತ್ತು. ನನಗೆ ಅದು ಮೋಜೆನಿಸಿ ಇನ್ನೊಮ್ಮೆ ಒತ್ತಹೋದೆ. ಆಯಿ ನನ್ನ ಕೈಗೆ ಹೊಡೆದಳು.

“ಮುಟ್ಟಬ್ಯಾಡ. ತೊಗಲ ತತ್ತಿ ಅದು. ಮನ್ಯಾಗ ಬಸುರಿ ಇದ್ದಾಗ ಇದು ಬೀಳಬಾರದು.”

ಮನೆಯಲ್ಲಿದ್ದ ಬಸುರಿ ಅವ್ವ. ಆಗ ಐದು ತಿಂಗಳು. ನನ್ನ ನಂತರ ಅವಳಿಗೆ ಎರಡು ಬಸಿರು ನಿಂತಿದ್ದವು, ಎರಡೂ ತಿಂಗಳು ತುಂಬದೆ ಹೋಗಿದ್ದವು. ಆ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಅಂದರೆ ಅವ್ವ ಎದುರಿಗಿದ್ದಾಗ ಮಾತಾಡುತ್ತಿರಲಿಲ್ಲ. ಆಯಿ ಆ ತತ್ತಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ತಿಪ್ಪೆಗೆ ಹಾಕಿ ಬಂದು ಕಾಲು ತೊಳೆದುಕೊಂಡಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆದರೆ ಆವತ್ತಿನ ರೊಟ್ಟಿಗಳೆಲ್ಲ ಅಂಚಿನಲ್ಲಿ ಹರಿದಿದ್ದವು.

ಮುಂದಿನ ನಾಲ್ಕು ದಿನದಲ್ಲಿ ಇನ್ನೂ ಮೂರು ತೊಗಲ ತತ್ತಿ ಬಿದ್ದವು. ನನಗೆ ಭಯವಾದದ್ದು ಆಗ. ಓಣಿಯ ಕೊನೆಯ ಮನೆಯ ಮಾಬೂಬಿ ಖಾಲಾ ಹತ್ತು ಹದಿನೈದು ಕೋಳಿ ಸಾಕಿದ್ದಳು. ಅವ್ವನ ಜೊತೆ ತೊಟ್ಟು ಬಿಡಿಸಲು ಬರುತ್ತಿದ್ದವಳು, ನನ್ನನ್ನು ಮಗಳೇ ಎಂದು ಕರೆಯುತ್ತಿದ್ದವಳು. ನಾನು ಓಡಿಹೋಗಿ ಕೇಳಿದೆ. ಅವಳು ಬಟ್ಟೆ ಒಣಹಾಕುತ್ತಿದ್ದಳು.

“ಕೋಳೀಗೆ ತತ್ತಿ ಚಿಪ್ಪು ಹಾಕ್ ಬೇಟಿ. ಚಿಪ್ಪು ತಿಂದ್ರ ಚಿಪ್ಪು ಬರತೈತಿ.”

ಅಷ್ಟೇ ಸಾಕಾಯಿತು ನನಗೆ. ಅವಳು ಹಿಂದಿನಿಂದ ಏನೋ ಕೂಗುತ್ತಿದ್ದಳು, ನಾನು ನಿಲ್ಲಲಿಲ್ಲ. ಬಸ್ ನಿಲ್ದಾಣದ ಎದುರಿನ ಆಮ್ಲೆಟ್ ಗಾಡಿಯ ಕೆಳಗೆ ಬುಟ್ಟಿ ತುಂಬ ಒಡೆದ ಚಿಪ್ಪು ಬಿದ್ದಿರುತ್ತಿದ್ದವು. ಲಂಗದಲ್ಲಿ ತುಂಬಿಕೊಂಡು ಬಂದು, ಯಾರೂ ನೋಡದಂತೆ ಇದ್ದ ಹಾಗೇ ಗೂಡಿಗೆ ಸುರಿದೆ. ಅರ್ಧರ್ಧ ತತ್ತಿಯ ಆಕಾರದಲ್ಲೇ ಇದ್ದ ಚಿಪ್ಪುಗಳು, ತಳದಲ್ಲಿ ಇನ್ನೂ ಲೋಳೆ ಅಂಟಿತ್ತು. ಕೋಳಿಗಳು ಮುಗಿಬಿದ್ದು ತಿಂದವು. ಅದರಲ್ಲೂ ಚುಕ್ಕಿ ಕೊಕ್ಕನ್ನು ಒಳಗೆ ತೂರಿಸಿ ಲೋಳೆ ಹೀರುವುದನ್ನು ನೋಡಿ ನನಗೆ ಖುಷಿಯೋ ಖುಷಿ. ಎರಡು ದಿನ ಹೀಗೆ ಮಾಡಿದೆ. ಮೂರನೆಯ ದಿನ ಚುಕ್ಕಿ ತಾನಿಟ್ಟ ತತ್ತಿಯತ್ತ ತಿರುಗಿ, ಒಂದೇ ಏಟಿಗೆ ಕುಕ್ಕಿ ಒಡೆದು, ಗಟಗಟ ತಿಂದು ಮುಗಿಸಿತು. ಕೆಂಪಿಯೂ ಕರಿಕೋಳಿಯೂ ಪಾಲಿಗೆ ಬಂದವು. ನಾನು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಕಣ್ಣಾರೆ ಕಂಡೆ. ಏನಾಯಿತೆಂದು ನನಗೆ ಆಗಲೇ ತಿಳಿಯಿತು. ತತ್ತಿ ತಿನ್ನುವುದನ್ನು ಕಲಿಸಿದವಳು ನಾನು.

ತಿಳಿದರೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಗೂಡಿನಲ್ಲಿ ಹಳದಿ ಮೆತ್ತಿದ ಹುಲ್ಲು ನೋಡಿ ಕೋಳಿ ತತ್ತಿ ತಿಂದದ್ದು ಆಯಿಗೆ ಗೊತ್ತಾಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕೋಳಿಯ ಬಗ್ಗೆ ಹೇಳುತ್ತಾ ಅವ್ವನನ್ನು ನೋಡಿದಳು.

“ತನ್ನ ಹೊಟ್ಟಿದು ತಾನ ತಿಂದ್ಕೊಳ್ಳೂ ಜಾತಿ. ಎಲ್ಲಿಂದ ಬಂದೈತಿ ನಮ್ಮನಿಗೆ.”

ಆ ಮಾತಿಗೆ ಅವ್ವ ತಲೆ ತಗ್ಗಿಸಿದ್ದರೆ ನಾನು ಇವತ್ತು ಈ ಅಧ್ಯಾಯ ಬರೆಯುತ್ತಿರಲಿಲ್ಲ. ಅವಳು ತಲೆಯೆತ್ತಿ ಆಯಿಯ ಮುಖವನ್ನೇ ನೋಡಿದಳು, ಆಯಿಯೇ ಕಣ್ಣು ಬೇರೆ ಕಡೆ ತಿರುಗಿಸುವ ತನಕ ನೋಡಿದಳು. ನಾನು ಮಾತ್ರ ಬಾಗಿಲ ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ನನ್ನ ಬಾಯಿ ಹುಟ್ಟಿನಿಂದಲೇ ಜೋರಾಗಿರಲಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಇನ್ನು ಓಣಿಯವರ ವೈದ್ಯಕೀಯ ಶುರುವಾಯಿತು. ತತ್ತಿ ತಿನ್ನುವ ಕೋಳಿಗೆ ಬ್ಯಾಡಗಿಯಲ್ಲಿ ಏನು ಮದ್ದು ಹೇಳಬಹುದು? ಮೆಣಸಿನಕಾಯಿ. ಖಾಲಿ ಚಿಪ್ಪಿನಲ್ಲಿ ಖಾರದ ಪುಡಿ ತುಂಬಿ, ಬಾಯಿಗೆ ಹಿಟ್ಟು ಮೆತ್ತಿ, ಗೂಡಿನಲ್ಲಿ ಇಟ್ಟುಬಿಡಿ, ಒಮ್ಮೆ ಕುಕ್ಕಿದರೆ ಜನ್ಮದಲ್ಲಿ ತತ್ತಿಯ ಹತ್ತಿರ ಸುಳಿಯುವುದಿಲ್ಲ ಎಂದು ಎದುರು ಮನೆಯವರು ಹೇಳಿದರು, ಪಕ್ಕದವರು ಹೌದೆಂದರು, ಕಾಕಾ ಅಂಗಿಯ ತೋಳು ಮಡಚಿದ. ನಮ್ಮೂರಿನ ಕಾಯಿಯ ಪುಡಿಯನ್ನೇ ತುಂಬಿ ಇಟ್ಟ. ನೋಡಲು ಓಣಿಯ ಅರ್ಧ ಜನ ಹಿತ್ತಲಲ್ಲಿ ಸೇರಿದ್ದರು. ಚುಕ್ಕಿ ಬಂತು, ಕುಕ್ಕಿತು, ಕೆಂಪು ಪುಡಿಯನ್ನೆಲ್ಲ ತಿಂದು, ಕೊಕ್ಕನ್ನು ಆ ಕಡೆ ಈ ಕಡೆ ನೆಲಕ್ಕೆ ಒರೆಸಿಕೊಂಡು ಇನ್ನೇನಿದೆ ಎಂದು ನೋಡಿತು. ಕಾಕಾನಿಗೆ ಅವಮಾನವಾಯಿತು.

“ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾಗೇತಿ, ಖಾರಕ್ಕಲ್ಲ. ಗುಂಟೂರ ಕಾಯಿ ತರ್ತೇನಿ ತಡೀರಿ.”

ತಂದ. ಅದನ್ನು ಕುಟ್ಟುವಾಗ ಎಷ್ಟು ಘಾಟು ಎದ್ದಿತೆಂದರೆ, ಮೆಣಸಿನಕಾಯಿಯ ನಡುವೆಯೇ ಹುಟ್ಟಿ ಬೆಳೆದ ಓಣಿ ಮೊದಲ ಸಲ ಸಾಮೂಹಿಕವಾಗಿ ಸೀನಿತು. ಆಯಿ ಕೆಮ್ಮಿ ಕೆಮ್ಮಿ ಪಡಸಾಲೆಗೆ ಓಡಿದಳು. ಕಾಕಾನ ಕಣ್ಣು ಎರಡು ದಿನ ಕೆಂಪಗಿದ್ದವು. ಚುಕ್ಕಿ ಗುಂಟೂರನ್ನೂ ತಿಂದಿತು, ಚಿಪ್ಪನ್ನೂ ತಿಂದಿತು. ದಿನಾ ಸಂಜೆ ಮೊರಗಟ್ಟಲೆ ಮೆಣಸಿನ ಬೀಜ ಮೇಯುವ ಕೋಳಿಗೆ ಖಾರ ಹತ್ತುವುದಿಲ್ಲ ಎಂಬುದು ನಮ್ಮ ಕಣ್ಣೆದುರೇ ಇತ್ತು. ಆದರೆ ನಮ್ಮ ಊರಿನ ಮೆಣಸಿನಕಾಯಿಗೆ ಹೆದರದ ಜೀವ ಇರಬಹುದು ಎಂದು ಒಪ್ಪಲು ಯಾರಿಗೂ ಮನಸ್ಸಿರಲಿಲ್ಲ. ಅವ್ವ ಆವತ್ತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ಆಯಿ ನೋಡಿದಳು.

ಅದೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಆಯಿ ಅಪ್ಪನಿಗೆ ತೀರ್ಮಾನ ಹೇಳಿದಳು. ಅಪ್ಪನೂ ಕಾಕಾನೂ ಆಯಿಯೂ ತಟ್ಟೆಯ ಮುಂದೆ ಕೂತಿದ್ದರು, ಅವ್ವ ಬಡಿಸುತ್ತಿದ್ದಳು, ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ.

“ಮಾಲತೇಶಾ, ಐತ್ವಾರ ಮೂರೂ ಕೋಳಿ ಕೊಯ್ಸು. ಸ್ವಾಮಾರ ಇಕಿನ್ನ ಅಗಡಿಗೆ ಬಿಟ್ಟು ಬಾ. ಏನಾರ ಆಗೂದಿದ್ರ ಅಲ್ಲೇ ಆಗ್ಲಿ. ಈ ಮನ್ಯಾಗ ಮೂರನೇದು ನಾ ನೋಡಂಗಿಲ್ಲ.”

ಬಸುರಿ ಹೆಂಗಸು ಹೆರಿಗೆಗೆ ತವರಿಗೆ ಹೋಗುವುದು ಬೇರೆ. ಸೀಮಂತ ಮಾಡಿಕೊಂಡು, ಮಡಿಲು ತುಂಬಿಸಿಕೊಂಡು, ಅಣ್ಣನೋ ತಮ್ಮನೋ ಕರೆಯಲು ಬಂದಾಗ ಹೋಗುತ್ತಾಳೆ. ಐದು ತಿಂಗಳಿಗೇ ಕೆಟ್ಟ ಶಕುನ ಹೊತ್ತವಳೆಂದು ಕಳಿಸುವುದು ಬೇರೆ. ಹಾಗೆ ಹೋದವಳನ್ನು ಮತ್ತೆ ಕರೆಸುವ ಮಾತು ಯಾರೂ ಎತ್ತುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಯಾಕೆಂದರೆ ನಮ್ಮ ಓಣಿಯಲ್ಲೇ ಹಾಗೆ ಹೋದ ಒಬ್ಬಳು ವಾಪಸು ಬಂದಿರಲಿಲ್ಲ. ನಾನು ಅಪ್ಪನ ಮುಖ ನೋಡಿದೆ. ಪೇಟೆಯಲ್ಲಿ ಕ್ವಿಂಟಾಲುಗಟ್ಟಲೆ ತೂಗುವ ಮನುಷ್ಯನಿಗೆ ಮನೆಯಲ್ಲಿ ಒಂದು ಮಾತು ಎತ್ತಲು ಆಗುತ್ತಿರಲಿಲ್ಲ. ಅವನು ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿ ಹಾಗೇ ಹಿಡಿದು ಕೂತಿದ್ದ.

ಅವ್ವ ಪಲ್ಯದ ಬೋಗುಣಿ ಕೆಳಗಿಟ್ಟಳು.

“ಅತ್ತೀ, ಕೋಳಿ ನನ್ನ ತವರಿನ್ವು. ಅವನ್ನ ಕೊಯ್ಯೂದಿದ್ರ ನಾ ಹೇಳಬೇಕು. ನಾ ಹೇಳಂಗಿಲ್ಲ.”

“ಮತ್ತ ಈ ಹಾಳ ತತ್ತಿ ದಿನಾ ನೋಡ್ಕೋತ ಕುಂದ್ರೂದೇನು?”

“ಮುಂದಿನ ಅಮಾಸಿ ಮಟಾ ತಡೀರಿ. ಅಷ್ಟರಾಗ ಅವು ಗಟ್ಟಿ ತತ್ತಿ ಇಡಲಿಲ್ಲಂದ್ರ ನಾನ ಕೊಯ್ಸಿ ಸಾರು ಮಾಡಿ ನೀಡ್ತೇನಿ. ಆದ್ರ ಅಗಡಿಗೆ ಹೋಗಂಗಿಲ್ರಿ. ನಾನೇನು ಒಡದ ಸಾಮಾನಲ್ಲ, ತಂದ ಅಂಗಡಿಗೆ ತಿರುಗಿ ಕೊಡಾಕ.”

ಮನೆಯಲ್ಲಿ ಹಿಂದೆಂದೂ ಅವ್ವ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟೆ. ಆಗ ನನ್ನ ಬಾಯಿಂದಲೂ ಮಾತು ಬಂತು. ಧೈರ್ಯದಿಂದ ಬಂತು ಎಂದು ಬರೆದುಕೊಳ್ಳಬಹುದು, ಆದರೆ ಖರೇ ಹೇಳಬೇಕೆಂದರೆ ನಾಚಿಕೆಯಿಂದ ಬಂತು. ಅವ್ವ ಒಬ್ಬಳೇ ಅಲ್ಲಿ ನಿಂತದ್ದನ್ನು ನೋಡಲು ಆಗಲಿಲ್ಲ.

“ಆಯೀ, ಕೋಳಿಗೆ ತತ್ತಿ ತಿನ್ನೂದು ಕಲಿಸಿದಾಕಿ ನಾನು. ಆಮ್ಲೆಟ್ ಗಾಡಿ ಚಿಪ್ಪು ತಂದು ಹಾಕೇನಿ. ಅವ್ವಂದೇನೂ ತಪ್ಪಿಲ್ಲ.”

ಆಯಿ ನನ್ನ ಕೆನ್ನೆಗೆ ಬಾರಿಸಿದಳು. ಎಡಗೈಯಲ್ಲಿ, ಬಲಗೈ ಎಂಜಲಾಗಿತ್ತು. ನಾನು ಅಳಲಿಲ್ಲ. ಅಳಬಾರದೆಂದು ನಿರ್ಧಾರ ಮಾಡಿ ಅಳದೇ ಇದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಊಟ ಮುಗಿದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಅವಳೂ ಹೊಡೆಯುತ್ತಾಳೆಂದು ಕೆನ್ನೆ ಗಟ್ಟಿ ಮಾಡಿಕೊಂಡು ನಿಂತೆ.

“ನೀ ಕೆಡಿಸೀದಿ, ನೀನ ಸುದ್ದ ಮಾಡು. ಮಾಬೂಬಿನ್ನ ಕರಕೊಂಡ ಬಾ. ಈ ಸಲ ಪೂರಾ ಕೇಳ್ಕೊ.”

ಮಾಬೂಬಿ ಖಾಲಾ ಬಂದವಳು ಕೋಳಿಗಳನ್ನು ನೋಡಲಿಲ್ಲ. ಮೊದಲು ಹಿತ್ತಲಲ್ಲಿ ಒಂದು ಸುತ್ತು ಹಾಕಿದಳು. ಹಸಿರು ಬಣ್ಣದ ಗೋಡೆಯನ್ನು ಉಗುರಿನಿಂದ ಕೆರೆದಳು. ಬಚ್ಚಲ ಮೂಲೆಯಲ್ಲಿ ಮೊಳದಷ್ಟು ಹಳೆಯ ಗೋಡೆ ಬಣ್ಣ ಕಾಣದೆ ಉಳಿದಿತ್ತು. ಅದರ ಬುಡದಲ್ಲಿ ಕೋಳಿಯ ಎತ್ತರಕ್ಕೆ ಸರಿಯಾಗಿ ಸುಣ್ಣ ಗುಳಿಗುಳಿಯಾಗಿ ಎದ್ದು ಹೋಗಿತ್ತು.

“ದೇಖೋ ಬೇಟಿ, ಇಲ್ಲಿ ಕುಕ್ಕಿ ಕುಕ್ಕಿ ಸುಣ್ಣ ತಿಂದಾವ. ಚಿಪ್ಪು ಆಗೂದು ಅದರಿಂದನ. ನೀವು ಗ್ವಾಡಿ ಬಂದ್ ಮಾಡೀರಿ, ಕೋಳಿನೂ ಬಂದ್ ಮಾಡೀರಿ. ಹೊರಗ ಬಿಟ್ಟಿದ್ರ ಹುಳಾ ಹುಪ್ಪಡಿ ತಿಂತಿದ್ವು, ಹರಳು ತಿಂತಿದ್ವು. ಒಳಗ ಕುಂತು ಏನ ಮಾಡಬೇಕು ಅವು? ಎದುರಿಗೆ ಮೆತ್ತಗ ಇದ್ದದ್ದು ತಿಂದ್ವು.”

ನನ್ನ ಚಿಪ್ಪಿನ ಕಥೆಯನ್ನೂ ಅವಳು ಬಿಡಿಸಿ ಹೇಳಿದಳು. ಚಿಪ್ಪು ಹಾಕಬೇಕಾದದ್ದು ಹೌದು, ಆದರೆ ತೊಳೆದು, ಹಂಚಿನ ಮೇಲೆ ಹುರಿದು, ತತ್ತಿಯ ಗುರುತೇ ಸಿಗದಂತೆ ಪುಡಿ ಮಾಡಿ. ಬಟ್ಟೆ ಒಣಹಾಕುತ್ತಾ ಅವಳು ಹಿಂದಿನಿಂದ ಕೂಗಿದ್ದು ಇದನ್ನೇ. ಇದನ್ನೆಲ್ಲ ಆಯಿ ಅಡಿಗೆಮನೆಯ ಕಿಟಕಿಯಿಂದ ಕೇಳುತ್ತಿದ್ದಳು. ಗೋಡೆಗೆ ಬಣ್ಣ ಮಾಡಿಸಿದ್ದು ಯಾರು, ಕೋಳಿ ಕೂಡಿಹಾಕಿಸಿದ್ದು ಯಾರು ಎಂದು ಅವ್ವ ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ಗೂಡಿನ ಬಾಗಿಲು ತೆಗೆದು ಕೋಳಿಗಳನ್ನು ಹಿತ್ತಲಿಗೆ ಬಿಟ್ಟಳು, ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ.

ಆ ಭಾನುವಾರ ಅಪ್ಪ ದೇವರಿಗೆ ಹೋಗಿ ಬರುತ್ತೇನೆಂದು ಹೇಳಿ ಗಳಗನಾಥಕ್ಕೆ ಬಸ್ಸು ಹತ್ತಿದ. ಆಯಿಯ ಮಾತಿಗೆ ಎದುರಾಡಲಾರದವನು ದೇವರ ಹೆಸರು ಹೇಳಿ ಮನೆ ಬಿಟ್ಟ ಎಂದುಕೊಂಡು ನನಗೆ ಅವನ ಮೇಲೆ ಸಿಟ್ಟು ಬಂತು. ಸಂಜೆ ಬಂದವನು ಹೆಗಲ ಮೇಲಿನ ಟವೆಲ್ಲಿನ ಗಂಟನ್ನು ಅವ್ವನ ಮುಂದೆ ಬಿಚ್ಚಿದ. ವರದೆ ತುಂಗಭದ್ರೆಗೆ ಸೇರುವಲ್ಲಿ ದಂಡೆಯ ಮೇಲೆ ಬಿದ್ದಿರುವ ಕಪ್ಪೆಚಿಪ್ಪುಗಳು, ಸೇರುಗಟ್ಟಲೆ. ನಡುವೆ ತತ್ತಿಯ ಗಾತ್ರದ ಒಂದು ಬಿಳಿ ದುಂಡುಗಲ್ಲು.

“ದಂಡಿ ಮ್ಯಾಲ ಬಿದ್ದಿದ್ವು. ಮಾಬೂಬಿ ಹೇಳಿದ್ಳು, ಇವೂ ನಡೀತಾವಂತ. ಕಲ್ಲು ಗೂಡಿನ್ಯಾಗ ಇಡ್ರಿ.”

ಇಷ್ಟೇ ಹೇಳಿ ಅಪ್ಪ ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಆವತ್ತಿನಿಂದ ಅಪ್ಪನ ಮೌನದ ಬಗ್ಗೆ ನಾನು ಅವಸರದ ಮಾತು ಆಡುವುದನ್ನು ಬಿಟ್ಟೆ. ಪೂರ್ತಿ ಕ್ಷಮಿಸಿದೆ ಎಂದಲ್ಲ.

ಕಪ್ಪೆಚಿಪ್ಪು ಹುರಿದು ಒರಳಲ್ಲಿ ಕುಟ್ಟುವ ಕೆಲಸ ನನ್ನದು. ಶಾಲೆಗೆ ಹೋಗುವ ಮೊದಲು ಒಂದು ಬೊಗಸೆ, ಬಂದ ಮೇಲೆ ಒಂದು ಬೊಗಸೆ. ಅಂಗೈಯಲ್ಲಿ ಬೊಬ್ಬೆ ಎದ್ದವು, ಅವ್ವ ನೋಡಿದರೂ ಕೆಲಸ ಬಿಡಿಸಲಿಲ್ಲ. ಪುಡಿಯನ್ನು ಒಡೆದ ಮಣ್ಣಿನ ಹರಿವಾಣದಲ್ಲಿ ಬೇರೆಯಾಗಿಯೇ ಇಟ್ಟೆವು, ಬೇಕಾದಷ್ಟು ಅವೇ ತಿನ್ನಲಿ ಎಂದು. ಗೂಡಿನ ಒಂದು ಮೂಲೆಯನ್ನು ಆಳ ಮಾಡಿ, ಭತ್ತದ ಹುಲ್ಲು ದಪ್ಪಗೆ ಹಾಸಿ, ಮುಂದೆ ಮೆಣಸಿನಕಾಯಿಯ ಹಳೆಯ ಗೋಣಿಚೀಲ ಕತ್ತರಿಸಿ ಪರದೆ ಕಟ್ಟಿದೆವು. ಕತ್ತಲಿದ್ದರೆ ಇಟ್ಟ ತತ್ತಿ ಅವಕ್ಕೆ ಕಾಣುವುದಿಲ್ಲ, ಕಾಣದಿದ್ದರೆ ಕುಕ್ಕುವುದಿಲ್ಲ. ಕೋಳಿ ಕೊಕ್ಕೊಕ್ಕೋ ಎಂದು ಕೂಗಿದ ಕೂಡಲೇ ಓಡಿ ತತ್ತಿ ತೆಗೆಯಬೇಕು. ನಾನು ಶಾಲೆಯಲ್ಲಿರುವ ಹೊತ್ತಿಗೆ ಅವ್ವ ತೊಟ್ಟು ಬಿಡಿಸುತ್ತಿದ್ದವಳು ಎದ್ದು, ಹೊಟ್ಟೆ ಹಿಡಿದುಕೊಂಡು, ಉದ್ದನೆಯ ಮನೆ ದಾಟಿ ಹೋಗುತ್ತಿದ್ದಳು. ಅವಳು ಹೀಗೆ ಓಡಾಡುವುದನ್ನು ನೋಡಿ ಪಡಸಾಲೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರಂತೆ. ಅವ್ವ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಚುಕ್ಕಿಯದೇ ದೊಡ್ಡ ಕಾಟ. ಬಿಳಿ ಕಲ್ಲನ್ನು ಗೂಡಿನಲ್ಲಿ ಇಟ್ಟ ದಿನ ಪರದೆಗೆ ತಲೆ ತೂರಿಸಿ ಒಂದೇ ಸಮನೆ ಕುಕ್ಕಿತು. ಟಕ್ ಟಕ್ ಎಂದು ಅಡಿಗೆಮನೆಗೆ ಕೇಳುತ್ತಿತ್ತು. ಮರುದಿನವೂ ಕುಕ್ಕಿತು. ಮೂರನೆಯ ದಿನ ಎರಡು ಸಲ ಕುಕ್ಕಿ, ಕಲ್ಲನ್ನು ಓರೆಗಣ್ಣಿನಿಂದ ನೋಡಿ, ಅದರ ಪಕ್ಕದಲ್ಲೇ ಕೂತು ತತ್ತಿ ಇಟ್ಟು ಎದ್ದುಹೋಯಿತು. ತೆಗೆದು ನೋಡಿದೆ. ಚಿಪ್ಪು ಬಂದಿತ್ತು, ಆದರೆ ತೆಳ್ಳಗೆ, ಮರಳು ಮೆತ್ತಿದಂತೆ ಒರಟು. ಇನ್ನೊಂದು ವಾರಕ್ಕೆ ಕೆಂಪಿಯದೂ ಕರಿಕೋಳಿಯದೂ ನುಣುಪಾದವು. ಕೊನೆಗೆ ಚುಕ್ಕಿಯದು. ನಾನು ದಿನಾ ಒಂದೊಂದು ತತ್ತಿಯನ್ನೂ ಹಲ್ಲಿಗೆ ಮೆಲ್ಲಗೆ ತಾಗಿಸಿ ಪರೀಕ್ಷೆ ಮಾಡುತ್ತಿದ್ದೆ. ಅಮಾವಾಸ್ಯೆಗೆ ಎರಡು ದಿನ ಇರುವಾಗ ಮೂರೂ ಗಟ್ಟಿ ಸಿಕ್ಕವು, ಆಗ ಹಿತ್ತಲಲ್ಲಿ ಒಬ್ಬಳೇ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ನಾಲ್ಕು ತಿಂಗಳ ಮೇಲೆ ಹಾವೇರಿಯ ಆಸ್ಪತ್ರೆಯಲ್ಲಿ ನನ್ನ ತಂಗಿ ಹುಟ್ಟಿದಳು, ಉಳಿದಳು, ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಅಪಶಕುನ ಕಳೆದದ್ದರಿಂದ ಕೂಸು ಉಳಿಯಿತು ಎಂದು ಆಯಿ ಬಂದವರಿಗೆಲ್ಲ ಹೇಳಿದಳು. ನಾನು ಅದನ್ನು ಆವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಗೂಡಿನಲ್ಲಿ ಬಿದ್ದದ್ದು ಸುಣ್ಣವಿಲ್ಲದ ತತ್ತಿ, ಅದಕ್ಕೆ ಅವ್ವನ ಹೊಟ್ಟೆಯ ಸುದ್ದಿ ಗೊತ್ತಿರಲಿಲ್ಲ. ಕೂಸು ಯಾಕೆ ಉಳಿಯಿತು, ಹಿಂದಿನ ಎರಡು ಯಾಕೆ ಉಳಿಯಲಿಲ್ಲ ಎಂದು ನನಗೆ ಹೇಳಲು ಬರುವುದಿಲ್ಲ. ನಾನು ಕಂಡದ್ದು ಅಮಾವಾಸ್ಯೆಯ ಮರುದಿನದ ಬೆಳಿಗ್ಗೆಯನ್ನು.

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ತತ್ತಿ ಮುಟ್ಟುತ್ತಿರಲಿಲ್ಲ, ಹಾಗಾಗಿ ತೀರ್ಪು ಮರುದಿನಕ್ಕೆ ಬಿದ್ದಿತು. ಬೆಳಿಗ್ಗೆ ಅವ್ವ ಮೂರು ತತ್ತಿಗಳನ್ನು ತಂದು ಅಡಿಗೆಮನೆಯಲ್ಲಿ ಕೂತಿದ್ದ ಆಯಿಯ ಮುಂದೆ ಇಟ್ಟಳು. ಆಯಿ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, ಬೆರಳಿನಿಂದ ಬಡಿದು, ಕೆಳಗಿಟ್ಟಳು.

“ಹೂಂ. ಗಟ್ಟಿ ಅದಾವ. ಇನ್ನ ಕೋಳಿ ಇರ್ಲಿ, ನೀನೂ ಇರು. ಇವನ್ನ ಮಾಲತೇಶಗ ಬೀರಪ್ಪಗ ಒಡದು ಹಾಕು, ಪ್ಯಾಟಿಗೆ ಹೊತ್ತಾತು.”

ಅವ್ವ ತತ್ತಿ ಎತ್ತಿಕೊಂಡಳು. ಒಡೆಯಲಿಲ್ಲ. ಚರಿಗೆಯಲ್ಲಿ ನೀರಿಟ್ಟು ಮೂರನ್ನೂ ಕುದಿಯಲು ಹಾಕಿದಳು. ಅಪ್ಪ ಮತ್ತು ಕಾಕಾ ನಡುಮನೆಯಲ್ಲಿ ತಟ್ಟೆಯ ಮುಂದೆ ಕೂತು ಕಾಯುತ್ತಿದ್ದರು. ಅವ್ವ ಅವರಿಗೆ ರೊಟ್ಟಿ, ಚಟ್ನಿ, ಮೊಸರು ಬಡಿಸಿ ಒಳಗೆ ಬಂದಳು. ತತ್ತಿಗಳನ್ನು ಬಸಿದು, ತಣ್ಣೀರಿಗೆ ಹಾಕಿ, ಸುಲಿದು ಒಂದು ತಟ್ಟೆಯಲ್ಲಿ ಇಟ್ಟುಕೊಂಡು, ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಗಂಡಸರ ಊಟ ಮುಗಿಯುವ ಮೊದಲು ಅವಳು ತಟ್ಟೆ ಹಾಕಿಕೊಂಡು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಒಂದು ತತ್ತಿ ಎತ್ತಿ ಕಚ್ಚಿದಳು.

“ಏನ ಮಾಡಾಕತ್ತೀದಿ? ಬಸುರಿ ಹೆಂಗಸು, ತತ್ತಿ ಮೈಗೆ ಕಾವು.”

“ಅತ್ತೀ, ಕೋಳಿಗೆ ಏನು ಕಮ್ಮಿ ಆಗಿತ್ತಂತ ನಾವು ಹದಿನೈದು ದಿನ ಹುಡುಕಿದ್ವಿ. ನದೀಮಟಾ ಹೋಗಿ ಚಿಪ್ಪು ತಂದು ಹುರದು ಕುಟ್ಟಿ ಹಾಕಿದ್ವಿ. ನನ್ನ ಎರಡು ಕೂಸು ಹೋದಾಗ ನನಗ ಏನ ಕಮ್ಮಿ ಆಗಿತ್ತಂತ ಈ ಮನ್ಯಾಗ ಯಾರರ ಹುಡುಕೀರೇನು?”

ಅವಳ ದನಿ ಏರಲಿಲ್ಲ. ನಡುಮನೆಯಲ್ಲಿ ಅಪ್ಪನ ರೊಟ್ಟಿ ಮುರಿಯುವ ಸದ್ದು ನಿಂತಿತು. ಅವ್ವ ಒಂದನ್ನು ತಿಂದು ಮುಗಿಸಿ ಎರಡನೆಯದನ್ನು ಎತ್ತಿಕೊಂಡಳು. ಅವಸರ ಮಾಡದೆ, ಹಳದಿಯ ಒಂದು ಕಣವೂ ಚೆಲ್ಲದಂತೆ, ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿದ್ದೂ ತಿಂದಳು. ಈಗ ಆಯಿ ತಟ್ಟೆ ಒದೆಯುತ್ತಾಳೆ ಎಂದುಕೊಂಡೆ, ಒದ್ದರೆ ಏನು ಮಾಡಬೇಕೆಂದೂ ಎಣಿಸಿಟ್ಟುಕೊಂಡಿದ್ದೆ. ಆಯಿ ಒದೆಯಲಿಲ್ಲ. ಗೋಡೆಗೆ ಒರಗಿ ಕೂತು ಅವ್ವನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಯಾರಿಗೂ ಅಲ್ಲ ಎನ್ನುವ ಹಾಗೆ ಮಾತಾಡಿದಳು.

“ನಾ ಏಳು ಹಡದೇನಿ. ಎರಡು ಉಳದ್ವು. ನನಗ ಯಾರ ಕೊಟ್ಟಿದ್ರು ತತ್ತಿ?”

ಏಳು ಎಂಬುದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ ಎಂದು ಅವನೇ ಎಷ್ಟೋ ವರ್ಷದ ಮೇಲೆ ಹೇಳಿದ. ಅವ್ವ ಬಾಯಲ್ಲಿದ್ದದ್ದನ್ನು ನುಂಗಿ, ಕೈ ಒರೆಸಿಕೊಂಡಳು.

“ಯಾರೂ ಕೊಡಂಗಿಲ್ರಿ ಅತ್ತೀ. ತಗೊಂಡು ತಿನ್ನಬೇಕು.”

ಹಾಗೆಂದು ತಟ್ಟೆಯನ್ನು ಆಯಿಯ ಕಡೆ ಸರಿಸಿ, ತೊಟ್ಟು ಬಿಡಿಸಲು ಪಡಸಾಲೆಗೆ ಹೋದಳು. ತಟ್ಟೆಯಲ್ಲಿ ಮೂರನೆಯ ತತ್ತಿ ಇತ್ತು. ಆಯಿ ಅದನ್ನು ನೋಡಿದಳು, ಬಾಗಿಲ ಕಡೆ ನೋಡಿದಳು, ನಾನು ನೋಡುತ್ತಿದ್ದೇನೆಯೇ ಎಂದು ನೋಡಿದಳು. ನಾನು ಒಲೆಯ ಕಡೆ ಮುಖ ತಿರುಗಿಸಿದೆ. ಬೆನ್ನ ಹಿಂದೆ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.